ಕೆರೆ ತುಂಬಿದರೆ ಮುಳುಗುತ್ತೇನೆ

ಸಣ್ಣಪ್ಪ ಮಾತು ಕೊಟ್ಟಾಗ ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹಟ್ಟಿಯ ಕೆರೆ ತುಂಬಿದ ದಿನ ಅದೇ ಕೆರೆಯಲ್ಲಿ ತಲೆ ಮುಳುಗಿಸಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದು ಪಾಸ್ಟರ್ ದಯಾನಂದರ ಎದುರು, ಇಡೀ ಸಭೆಯ ಎದುರು ಹೇಳಿಬಿಟ್ಟಿದ್ದ. ಭರಮಸಾಗರದ ಆಚೆಗಿರುವ ಆ ಹಟ್ಟಿಯಲ್ಲಿ ಕೆರೆ ತುಂಬಿದ್ದನ್ನು ಕಣ್ಣಾರೆ ಕಂಡವರೆಲ್ಲ ಮುದುಕರು. ಕೆರೆಯಂಗಳದ ತುಂಬ ಜಾಲಿ ಬೆಳೆದಿತ್ತು. ದಡದ ಬದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಂದು ಮೂಲೆಯಲ್ಲಿ ಯಾರೋ ಧೈರ್ಯವಾಗಿ ಮೆಕ್ಕೆಜೋಳವನ್ನೂ ಬಿತ್ತಿದ್ದರು. ಚಿತ್ರದುರ್ಗದ ಸೀಮೆಯಲ್ಲಿ ಕೆರೆ ತುಂಬಿದರೆ ಎಂದು ಮಾತು ಕೊಡುವವನು ಯಾರಿಗೂ ಏನನ್ನೂ ಕೊಡುತ್ತಿಲ್ಲ ಎನ್ನುವುದು ಹಳ್ಳಿಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ದಯಾನಂದರು ದುರ್ಗದ ಪೇಟೆಯಲ್ಲಿ ನಲ್ಲಿ ನೀರು ಕುಡಿದು ಬೆಳೆದವರು. ಅವರಿಗೆ ಗೊತ್ತಾಗಲಿಲ್ಲ. ಕಣ್ಣೀರು ಒರೆಸಿಕೊಂಡು, ಇಂಥ ನಂಬಿಕೆಯನ್ನು ತಾನು ಎಲ್ಲೂ ಕಂಡಿಲ್ಲ ಎಂದರು.

ಸಣ್ಣಪ್ಪನಿಗೆ ನೀರೆಂದರೆ ಭಯ. ಹಾಗಂತ ಎಲ್ಲ ನೀರೂ ಅಲ್ಲ. ಹಳ್ಳದ ಮೊಣಕಾಲುದ್ದದ ನೀರಿನಲ್ಲಿ ನಿಂತು ದಿನವಿಡೀ ಕುರಿ ತೊಳೆಯುತ್ತಿದ್ದ, ಕುರಿ ಸಾಕುವವನು ಅಷ್ಟೂ ಮಾಡದಿದ್ದರೆ ಹೊಟ್ಟೆಗೇನು ತಿನ್ನಬೇಕು? ಆದರೆ ತಲೆಯ ಮೇಲೆ ನೀರು ಬರಕೂಡದು. ಐವತ್ತು ದಾಟಿದ ಆಳು ಕುತ್ತಿಗೆಯಿಂದ ಕೆಳಗೆ ಮಾತ್ರ ಸ್ನಾನ ಮಾಡುತ್ತಿದ್ದ. ತಲೆಯನ್ನು ಒದ್ದೆ ಟವಲಿನಿಂದ ಒರೆಸಿ ಮುಗಿಸುತ್ತಿದ್ದ. ನಾಲ್ಕು ಹನಿ ಮಳೆ ಬಿದ್ದರೆ ಹಿಂಡನ್ನು ಅಲ್ಲೇ ಬಿಟ್ಟು ಸೂರು ಹುಡುಕಿಕೊಂಡು ಓಡುತ್ತಿದ್ದ. ಹಿಂಡಿನ ಮುಂದಾಳು, ಸಾಹುಕಾರ ಎಂಬ ಹೆಸರಿನ ದೊಡ್ಡ ಟಗರು, ಯಜಮಾನನ ಈ ಓಟವನ್ನು ಮಳೆಯಲ್ಲಿ ನೆನೆಯುತ್ತಾ ನಿಂತು ನೋಡುತ್ತಿತ್ತು.

ಈ ಭಯಕ್ಕೆ ಕಾರಣ ಅವನ ಅಣ್ಣ ಜಂಪಣ್ಣ. ಇಬ್ಬರೂ ಹುಡುಗರಾಗಿದ್ದಾಗ, ಕೆರೆ ಕೊನೆಯ ಸಲ ತುಂಬಿದ ವರ್ಷ, ಅಣ್ಣ ಕುರಿ ತೊಳೆಯಲು ಇಳಿದಿದ್ದ. ಒಂದು ಮರಿ ಆಳಕ್ಕೆ ಹೋಯಿತು. ಅದರ ಹಿಂದೆ ಅವನೂ ಹೋದ. ಮರಿ ಈಜಿಕೊಂಡು ಬಂತು. ಜಂಪಣ್ಣನ ಒಂದು ಕೈ ಮಾತ್ರ ನೀರಿನ ಮೇಲೆ ಬಂದು, ಗಾಳಿಯಲ್ಲಿ ಏನೋ ಹುಡುಕಿ, ಒಳಗೆ ಹೋಯಿತು. ದಡದಲ್ಲಿದ್ದ ಸಣ್ಣಪ್ಪ ಹೆದರಿ ಊರ ಕಡೆ ಓಡಿದ. ಆಮೇಲೆ ಯಾವುದೋ ಮುದುಕಿ, ಬಹುಶಃ ಉಳಿದ ಹುಡುಗರು ನೀರಿಗೆ ಹೋಗದಿರಲಿ ಎಂದು, ಕೆರೆಯಲ್ಲಿ ಹೋದವನು ಒಬ್ಬನೇ ಇರುವುದಿಲ್ಲ, ತನ್ನವರ ಕಾಲು ಹಿಡಿದು ಎಳೆದುಕೊಳ್ಳುತ್ತಾನೆ ಎಂದಳು. ಬೇರೆ ಹುಡುಗರು ಅದನ್ನು ಸಂಜೆಗೇ ಮರೆತರು. ಸಣ್ಣಪ್ಪನ ತಲೆಯಲ್ಲಿ ಅದು ಮನೆ ಕಟ್ಟಿಕೊಂಡು ಕೂತಿತು.

ಕೆರೆ ಒಣಗಿದರೂ ಜಂಪಣ್ಣ ಒಣಗಲಿಲ್ಲ. ನೀರು ಇರುವ ಕಡೆಯೆಲ್ಲ ಅವನು ತಮ್ಮನ ಕಾಲಿಗಾಗಿ ಕಾಯತೊಡಗಿದ. ತೋಟದ ಬಾವಿಯಲ್ಲಿ ಇದ್ದ, ಕೃಷಿಹೊಂಡದಲ್ಲಿ ಇದ್ದ, ಸಿಂಟೆಕ್ಸ್ ಟ್ಯಾಂಕಿನಲ್ಲೂ ಇದ್ದ. ಒಮ್ಮೆ ಮದುವೆಮನೆಯ ಹಂಡೆಯಲ್ಲೂ ಇದ್ದಾನೆಂದು ಸಣ್ಣಪ್ಪ ಎದ್ದು ಬಂದುಬಿಟ್ಟಿದ್ದ.

"ಆ ಹಂಡ್ಯಾಗೆ ನಿಮ್ಮಣ್ಣ ಹೆಂಗ್ ಹಿಡಿಸ್ತಾನೆ? ಮಂಡಿ ಮಡಚಿ ಕುಂತಿದ್ನಾ?" ಎಂದು ಹೆಂಡತಿ ಓಬವ್ವ ಕೇಳಿದ್ದಳು. ಭಯಕ್ಕೆ ಅಳತೆ ಗೊತ್ತಾಗುವುದಿಲ್ಲ.

ಯೇಸುವಿನ ಬಳಿ ಅವನು ಹೋದದ್ದು ಕೂಡ ಮಳೆಯಿಂದಾಗಿಯೇ. ಭರಮಸಾಗರದ ಸಂತೆಗೆ ಹೋದವನು ಮಳೆ ಹಿಡಿದುಕೊಂಡಾಗ ದಾವಣಗೆರೆ ರಸ್ತೆಯ ಪಂಕ್ಚರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದ. ಮೇಲೆ ಪ್ರಾರ್ಥನೆಯ ಹಾಲ್. ದಯಾನಂದರು ಪ್ರಸಂಗ ಮಾಡುತ್ತಿದ್ದರು. ಯೇಸು ನೀರಿನ ಮೇಲೆ ನಡೆದದ್ದು, ನಾನೂ ಬರುತ್ತೇನೆಂದು ಇಳಿದ ಶಿಷ್ಯ ಅರ್ಧ ದಾರಿಯಲ್ಲಿ ಹೆದರಿ ಮುಳುಗತೊಡಗಿದ್ದು, ಯೇಸು ಕೈ ಚಾಚಿ ಅವನನ್ನು ಹಿಡಿದದ್ದು.

"ಹಿಡಿದು ಎತ್ತಿದ್ನಾ?" ಬಾಗಿಲ ಬಳಿಯಿಂದ ಸಣ್ಣಪ್ಪ ಕೂಗಿದ. ಇಡೀ ಸಭೆ ತಿರುಗಿ ನೋಡಿತು.

"ಎತ್ತಿದನಪ್ಪ," ಎಂದರು ದಯಾನಂದರು.

"ಅವ್ನು ಬದುಕಿದ್ನಾ?"

"ಬದುಕಿದ. ಬಹಳ ವರ್ಷ ಬದುಕಿದ."

ಮಳೆ ನಿಂತ ಮೇಲೂ ಸಣ್ಣಪ್ಪ ಏಳಲಿಲ್ಲ. ಮುಂದಿನ ಭಾನುವಾರ ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ ಬಂದ. ಅಲ್ಲಿಂದ ಮುಂದೆ ತಪ್ಪಿಸಲಿಲ್ಲ. ಓಬವ್ವ ತನ್ನ ದೇವರನ್ನು ಬಿಡಲಿಲ್ಲ, ಗಂಡನನ್ನು ತಡೆಯಲೂ ಇಲ್ಲ. ಕಾಲು ಎಳೆಯುವ ಅಣ್ಣನಿಗಿಂತ ಕೈ ಹಿಡಿಯುವ ದೇವರು ವಾಸಿ ಎಂಬುದು ಅವಳ ಅಭಿಪ್ರಾಯವಾಗಿತ್ತು.

ಎಲ್ಲವೂ ಚೆನ್ನಾಗಿ ನಡೆಯುತ್ತಿರುವಾಗ ಒಂದು ದಿನ ದಯಾನಂದರು ದೀಕ್ಷಾಸ್ನಾನದ ಮಾತು ತೆಗೆದರು. ನೀರಿನಲ್ಲಿ ಪೂರ್ತಿ ಮುಳುಗಬೇಕು, ತಲೆ ಸಮೇತ. ಸಣ್ಣಪ್ಪ ಎದ್ದೇ ನಿಂತ.

"ಮುಳುಗೋರ್ನ ಎತ್ತೋ ದೇವ್ರು ಅಂತ ನಾನು ಬಂದೆ ಪಾಸ್ಟ್ರೆ. ನೀವು ನೋಡಿದ್ರೆ ಮೇಲಿರೋನ್ನ ಮುಳುಗ್ಸಾಣ ಅಂತೀರಿ!"

"ಮುಳುಗಿಸೋದು ಎತ್ತೋಕೆ ಸಣ್ಣಪ್ಪ. ಎತ್ತೋದೇ ಮುಖ್ಯ."

"ಎತ್ತೋದೇ ಮುಖ್ಯ ಆದ್ರೆ ನಾನು ಈಗ್ಲೇ ಮೇಲಿದೀನಲ್ರಿ."

ದಯಾನಂದರಿಗೆ ಬೈಬಲ್ ಕಾಲೇಜಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಆದರೂ ಬಿಡಲಿಲ್ಲ. ಸಣ್ಣಪ್ಪ ಒಂದು ಸಲ ಮಂಡಿನೋವು ಎಂದ, ಒಂದು ಸಲ ಕುರಿ ಈಯುವ ಕಾಲ ಎಂದ, ಇನ್ನೊಂದು ಸಲ ಗ್ರಹಣ ಎಂದು ಹೇಳಿ ಸಭೆಯವರಿಂದ ಬೈಸಿಕೊಂಡ. ಕೊನೆಗೆ ಪಾಸ್ಟರು ಕಟ್ಟಡದ ಹಿಂದಿನ ಸಿಮೆಂಟು ತೊಟ್ಟಿಗೆ ನೀರು ತುಂಬಿಸಿ ಇವತ್ತೇ ಆಗಲಿ ಎಂದಾಗ, ದಾರಿ ಕಾಣದೆ ಆ ಮಾತು ಹೇಳಿದ್ದು. ನಮ್ಮಣ್ಣ ಹೋದ ಕೆರೆ ತುಂಬಲಿ, ಅಲ್ಲೇ ಮುಳುಗುತ್ತೇನೆ, ತೊಟ್ಟಿ ಗಿಟ್ಟಿ ಬೇಡ.

ಪಾಸ್ಟರು ಈ ನಂಬಿಕೆಯ ಸಾಕ್ಷಿಯನ್ನು ಹೋದಲ್ಲೆಲ್ಲ ಹೇಳಿದರು. ಹಿರಿಯೂರಿನ ಸಭೆ ಕೆರೆಗಾಗಿ ಉಪವಾಸ ಮಾಡಿತು. ಹೊಸದುರ್ಗದ ಹೆಣ್ಣುಮಕ್ಕಳು ಸರದಿಯ ಮೇಲೆ ಪ್ರಾರ್ಥನೆ ಮಾಡಿದರು. ಹೊಳಲ್ಕೆರೆಯ ಸಭಾ ಹಿರಿಯ ಪ್ರಭು ಎಂಬುವರು ಪ್ರತಿ ವಾರ ಫೋನು ಮಾಡಿ, "ಕೆರೆ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು. ಇಷ್ಟೆಲ್ಲ ಜನ ತನ್ನ ಮೇಲೆ ನೀರು ತರಲು ಹೊರಟಿರುವುದನ್ನು ನೋಡಿ ಸಣ್ಣಪ್ಪನೂ ಸುಮ್ಮನೆ ಕೂರಲಿಲ್ಲ. ಗುಟ್ಟಾಗಿ ಅವನೂ ಪ್ರಾರ್ಥನೆ ಮಾಡಿದ: ಯೇಸಪ್ಪಾ, ಅವರ ಮಾತು ಕೇಳಬೇಡ.

ಆಮೇಲೆ ಪೈಪು ಬಂತು. ದೂರದ ಹೊಳೆಯಿಂದ ಕೆರೆಗಳಿಗೆ ನೀರು ಎತ್ತಿ ತರುವ ಯೋಜನೆಯಂತೆ, ಎಷ್ಟೋ ವರ್ಷದಿಂದ ಭಾಷಣದಲ್ಲಿದ್ದದ್ದು ಇದ್ದಕ್ಕಿದ್ದಂತೆ ನಿಜವಾಗಿಬಿಟ್ಟಿತು. ಹಟ್ಟಿಯ ಕೆರೆಯೂ ತುಂಬಿತು. ಊರಿನವರು ಊರಮ್ಮನ ಕೃಪೆ ಎಂದರು. ರಾಜಕೀಯದವರು ತಮ್ಮ ಕೃಪೆ ಎಂದು ಬ್ಯಾನರು ಕಟ್ಟಿದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಭೆಗಳು ಪ್ರಾರ್ಥನೆಯ ಫಲ ಎಂದು ಕೈ ತಟ್ಟಿದವು. ಮೆಕ್ಕೆಜೋಳ ಬಿತ್ತಿದ್ದವನು ಮಾತ್ರ ಎಲ್ಲರನ್ನೂ ಬೈದ. ಸಣ್ಣಪ್ಪನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ದೀಕ್ಷಾಸ್ನಾನಕ್ಕೆ ಭಾನುವಾರ ನಿಗದಿಯಾಯಿತು. ಹಿಂದಿನ ದಿನ ಸಣ್ಣಪ್ಪ ಓಬವ್ವನ ಮುಂದೆ ಕುಸಿದು ಕೂತ.

"ಸಿರಿಗೆರೆ ಬಸ್ ಹತ್ತಿ ಎಲ್ಲಾದ್ರೂ ಹೋಗ್ಬಿಡ್ಲೇನೇ?"

"ಹೋಗು. ಅಲ್ಲೂ ನೀರು ಐತೆ."

"ನಂಗೆ ಭಯ ಆಗ್ತೈತೆ ಓಬವ್ವ."

ಅವನು ಇದನ್ನು ಇಷ್ಟು ನೇರವಾಗಿ ಹಿಂದೆಂದೂ ಹೇಳಿರಲಿಲ್ಲ. ಓಬವ್ವ ಮೊರದಲ್ಲಿದ್ದ ಅವರೆಕಾಳು ಪಕ್ಕಕ್ಕಿಟ್ಟಳು. "ಹಂಗಾರೆ ಬಿಟ್ಬಿಡು. ಯಾರು ಬಲವಂತ ಮಾಡ್ತಾರೆ? ಆ ಪಾಸ್ಟ್ರು ಒಳ್ಳೇರು, ಏನೂ ಅನ್ನಲ್ಲ."

ಅದೇ ಸಂಕಟ. ಯಾರೂ ಏನೂ ಅನ್ನುವುದಿಲ್ಲ. ಆದರೆ ಸಣ್ಣಪ್ಪನಿಗೆ ಒಂದು ಮಾತು ಹೊಳೆದುಬಿಟ್ಟಿತ್ತು. ಹುಡುಗನಾಗಿದ್ದಾಗ ಓಡಿದ್ದ, ಮಳೆಗೆ ಹೆದರಿ ಓಡಿದ್ದ, ಹಂಡೆಗೂ ಹೆದರಿ ಓಡಿದ್ದ. ಈ ಸಲವೂ ಓಡಿದರೆ, ಕೈ ಹಿಡಿಯುವವನು ಕೈ ಚಾಚಿಕೊಂಡು ನಿಂತಿದ್ದರೂ ಅವನಿಗೆ ಇವನ ಕೈ ಸಿಗುವುದೇ ಇಲ್ಲ. ಸಾಯುವವರೆಗೆ ಅಣ್ಣನೊಬ್ಬನೇ ಗತಿ.

"ಇಲ್ಲ ಕಣೆ. ಇಳಿತೀನಿ," ಎಂದ.

"ಇಳಿಯೋದೇ ಆದ್ರೆ ಕುರೀನೂ ತೊಳ್ಕಂಡು ಬಂದ್ಬಿಡು. ಉಣ್ಣೆ ಕತ್ತರಿಸೋರು ಬುಧವಾರ ಬರ್ತಾರೆ. ಹೆಂಗಿದ್ರೂ ನೀರಾಗೆ ಇರ್ತೀಯಲ್ಲ."

ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಲೇಬೇಕು, ಅದು ಅಲ್ಲಿನ ಪದ್ಧತಿ. ಒಂದೇ ಓಡಾಟದಲ್ಲಿ ಎರಡು ಕೆಲಸ ಎಂದರೆ ಯಾವ ಸಂಸಾರಸ್ಥನಿಗೂ ಸರಿಯೆನಿಸುತ್ತದೆ. ಸಣ್ಣಪ್ಪನೂ ಹೂಂ ಎಂದ. ಅನಾಹುತ ಆದದ್ದು ಇಲ್ಲಿಯೇ.

ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಜಾತ್ರೆಗೆ ಸೇರುವಷ್ಟು ಜನ. ಮೂರು ಕಡೆಯಿಂದ ಟೆಂಪೋಗಳಲ್ಲಿ ಸಭೆಯವರು ಬಂದಿದ್ದರು. ಹಟ್ಟಿಯವರು ಅಷ್ಟೇ ಸಂಖ್ಯೆಯಲ್ಲಿ ಕೂತಿದ್ದರು, ಅವರಿಗೆ ದೇವರ ವಿಚಾರಕ್ಕಿಂತ ಸಣ್ಣಪ್ಪನ ತಲೆ ಒದ್ದೆಯಾಗುವುದನ್ನು ನೋಡುವ ಆಸೆ. ಯಾರೋ ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಗಾಡಿ ತಂದು ನಿಲ್ಲಿಸಿದ್ದರು. ಹೊಳಲ್ಕೆರೆಯ ಪ್ರಭು ಬಿಳಿ ಶರಟು ಹಾಕಿಕೊಂಡು ಮೈಕು ಹಿಡಿದಿದ್ದರು. ಓಬವ್ವ ಒಂದು ಬದಿಯಲ್ಲಿ ಹಿಂಡನ್ನು ತಡೆದು, ಸಾಹುಕಾರನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಿಂತಿದ್ದಳು.

ಸಣ್ಣಪ್ಪ, ದಯಾನಂದರು ಜೊತೆಯಾಗಿ ಇಳಿದರು. ನೀರು ಮೊಣಕಾಲಿಗೆ ಬಂತು. ಅದು ಸಣ್ಣಪ್ಪನ ಗಡಿ. ಅವನು ಕಣ್ಣು ಮುಚ್ಚಿ ಗಡಿ ದಾಟಿದ. ತೊಡೆ, ಸೊಂಟ. ಪಕ್ಕದಲ್ಲಿ ಕಟಕಟ ಎಂಬ ಸದ್ದು ಕೇಳಿ ಕಣ್ಣು ಬಿಟ್ಟರೆ, ಪಾಸ್ಟರ ಹಲ್ಲು.

"ಇಲ್ಲಿ ಆಳ ಹೆಂಗಿದೆ ಸಣ್ಣಪ್ಪ?"

"ಹೋದ್ ವರ್ಷ ಇಲ್ಲೇ ವಿಕೆಟ್ ನೆಡ್ತಿದ್ರು, ಇದು ಸಮ ಐತೆ. ಬೌಲರ್ ಓಡಿ ಬರ್ತಿದ್ದ ಕಡೆ ತಗ್ಗು. ನೀವು ಅತ್ಲಾಗೆ ಹೋಗ್ಬ್ಯಾಡ್ರಿ."

"ಬೌಲರ್ ಯಾವ ಕಡೆಯಿಂದ ಬರ್ತಿದ್ದ?"

"ಯಾಕ್ ಪಾಸ್ಟ್ರೆ, ಈಜು ಬರಲ್ವಾ?"

"ನಾನು ಇದುವರೆಗೂ ಎಲ್ಲರಿಗೂ ತೊಟ್ಟಿಯಲ್ಲೇ ಕೊಟ್ಟಿರೋದು," ಎಂದರು ದಯಾನಂದರು ಬಹಳ ಮೆಲ್ಲಗೆ.

ಸಣ್ಣಪ್ಪನಿಗೆ ಅವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಹೆದರಿದವನು ತಾನೊಬ್ಬನೇ ಅಲ್ಲ. ಈ ಮನುಷ್ಯ ಹೆದರಿಕೊಂಡೇ ತನ್ನ ಸಲುವಾಗಿ ಇಷ್ಟು ದೂರ ನಡೆದು ಬಂದಿದ್ದಾನೆ. ಅಷ್ಟರಲ್ಲಿ ಏರಿಯ ಮೇಲೆ ಹಾಡು ಶುರುವಾಯಿತು. ದಯಾನಂದರು ಒಂದು ಕೈ ಅವನ ಬೆನ್ನಿಗೂ ಇನ್ನೊಂದು ಕೈ ಅವನ ನೆತ್ತಿಗೂ ಇಟ್ಟು, "ತಂದೆಯ, ಮಗನ..." ಎಂದು ಆರಂಭಿಸಿದರು. ನೆತ್ತಿಯ ಮೇಲೆ ಕೈ ಬಿದ್ದದ್ದೇ ತಡ, ಸಣ್ಣಪ್ಪನ ಹೊಟ್ಟೆಯಿಂದ ಒಂದು ಕೂಗು ಹೊರಟಿತು. ಯೇಸಪ್ಪಾ ಎಂದು ಕೂಗಬೇಕೆಂದೇ ಅವನು ಬಾಯಿ ತೆರೆದದ್ದು. ನೀರಿನಲ್ಲಿ ನಿಂತು ಅವನ ಗಂಟಲು ಜೀವಮಾನವೆಲ್ಲ ಕೂಗಿದ್ದು ಒಂದೇ ಕೂಗು, ಅದೇ ಬಂತು.

"ತ್ರ್ರ್ರ್ರ್ ಹೋಯ್! ಹೋಯ್ ಬಾ!"

ಕುರಿ ತೊಳೆಯಲು ಹಿಂಡನ್ನು ನೀರಿಗೆ ಕರೆಯುವ ಕೂಗು ಅದು.

ಸಾಹುಕಾರ ಕಿವಿ ನಿಮಿರಿಸಿತು. ಯಜಮಾನ ನೀರಿನಲ್ಲಿದ್ದಾನೆ, ಕರೆಯುತ್ತಿದ್ದಾನೆ, ಇನ್ನೇನು ಬೇಕು? ಓಬವ್ವನನ್ನು ಏರಿಯಿಂದ ಕೆಳಗಿನವರೆಗೆ ದರದರ ಎಳೆದುಕೊಂಡು ಹೋಗಿ ಅವಳನ್ನು ಕೆಸರಿನಲ್ಲಿ ಬಿಟ್ಟು ನೀರಿಗೆ ಧುಮುಕಿತು. ಅದರ ಹಿಂದೆ ಹಿಂಡಿಗೆ ಹಿಂಡೇ ಧುಮುಕಿತು. ಕೆರೆಯ ತುಂಬ ಕುರಿತಲೆಗಳು.

"ನೋಡ್ರಿ! ಮೂಕಪ್ರಾಣಿಗಳೂ ದೀಕ್ಷೆಗೆ ಬರ್ತಾ ಅವೆ!" ಎಂದು ಪ್ರಭು ಮೈಕಿನಲ್ಲಿ ಅತ್ತೇಬಿಟ್ಟರು. ಹಲ್ಲೆಲೂಯಾ ಎಂದು ಮೂರು ಟೆಂಪೋ ಜನ ಒಟ್ಟಿಗೆ ಕೂಗಿದರು. ಹಟ್ಟಿಯವರು ಬಜ್ಜಿ ಕೈಯಲ್ಲಿ ಹಿಡಿದು ಎದ್ದು ನಿಂತರು.

ಸಾಹುಕಾರ ನೆಟ್ಟಗೆ ಈಜಿಕೊಂಡು ಬಂದು ದಯಾನಂದರ ಎದೆಗೆ ಗುದ್ದಿತು. ಅವರು ಹಿಂದಕ್ಕೆ ಬಿದ್ದದ್ದು ಬೌಲರ್ ಓಡಿ ಬರುತ್ತಿದ್ದ ಕಡೆಗೆ. ಕನ್ನಡಕ ಒಂದು ದಿಕ್ಕಿಗೆ ಹೋಯಿತು, ಪಾಸ್ಟರು ಒಂದು ದಿಕ್ಕಿಗೆ. ಸುತ್ತ ಮುತ್ತಿದ ಕುರಿಗಳ ನಡುವೆ ಸಣ್ಣಪ್ಪನಿಗೆ ಇದು ಕಾಣಲೇ ಇಲ್ಲ. ಅವನ ತಲೆ ಇನ್ನೂ ಒಣಗಿಯೇ ಇತ್ತು.

ಆಗ ಅವನ ಕಾಲನ್ನು ಒಂದು ಕೈ ಹಿಡಿಯಿತು.

ನೀರಿನ ಕೆಳಗೆ, ಪಾದದ ಗಂಟಿನ ಬಳಿ, ಐದು ಬೆರಳಿನ ಕೈ. ಬಿಗಿಯಾಗಿ ಹಿಡಿದು ಎಳೆಯಿತು. ಎಷ್ಟೋ ವರ್ಷದಿಂದ ಎಲ್ಲ ನೀರಿನಲ್ಲೂ ಅವನು ಕಾಯುತ್ತಿದ್ದದ್ದು ಇದನ್ನೇ. ಹಾಗಾಗಿ ಅನುಮಾನವೇ ಬರಲಿಲ್ಲ. ಅಣ್ಣ ಬಂದ, ಅಷ್ಟೇ. ಒದ್ದು ಬಿಡಿಸಿಕೊಂಡು ಓಡಲು ಇನ್ನೊಂದು ಕಾಲು ತಾನಾಗಿಯೇ ಎದ್ದಿತು. ಎದ್ದ ಕಾಲು ಅಲ್ಲೇ ನಿಂತಿತು. ಯಾಕೆಂದರೆ ಕೆಳಗಿನ ಕೈ ನಡುಗುತ್ತಿತ್ತು. ಕೊಲ್ಲಲು ಬಂದವನ ಕೈ ಹಾಗೆ ನಡುಗುವುದಿಲ್ಲ. ಎಳೆಯುತ್ತಿರುವುದು ತನ್ನನ್ನು ಕೆಳಗೆ ತರುವುದಕ್ಕಲ್ಲ, ಅವನೇ ಮೇಲೆ ಬರುವುದಕ್ಕೆ. ಅಯ್ಯೋ, ಆವತ್ತಿನಿಂದ ಇವತ್ತಿನವರೆಗೂ ಅಣ್ಣ ಕೇಳುತ್ತಿರುವುದು ಇಷ್ಟೇ ಅಲ್ಲವೇ?

"ಯೇಸಪ್ಪಾ, ನನ್ನ ಹಿಡ್ಕ. ನಾನು ಅವ್ನ ಹಿಡ್ಕಂತೀನಿ," ಎಂದ ಸಣ್ಣಪ್ಪ, ಜೋರಾಗಿ. ಮತ್ತು ತಲೆ ಮುಳುಗಿಸಿದ.

ಕಿವಿಯಲ್ಲಿ ನೀರು ತುಂಬಿತು. ಮೂಗಿನಲ್ಲಿ ತುಂಬಿತು. ಭಯ ಹೋಗಲಿಲ್ಲ, ಅವನ ಜೊತೆಗೇ ಒಳಗೆ ಬಂತು. ಆದರೆ ಅವನ ಕೈಗಳು ಅದರ ಮಾತು ಕೇಳಲಿಲ್ಲ. ಕೆಳಗೆ ತಡಕಾಡಿ ಸಿಕ್ಕ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಕುರಿ ಎತ್ತುವವನ ಪೂರ್ತಿ ಬಲ ಹಾಕಿ ಮೇಲಕ್ಕೆ ಎಳೆದ.

"ಬಾ ಅಣ್ಣಾ!" ಎಂದು ಕೂಗುತ್ತಾ ನೀರಿನಿಂದ ಹೊರಬಂದ.

ಕೈಯಲ್ಲಿ ಪಾಸ್ಟರ್ ದಯಾನಂದರಿದ್ದರು. ಕೆಮ್ಮುತ್ತಿದ್ದರು.

"ಥೂ, ನೀವಾ?" ಎಂದ ಸಣ್ಣಪ್ಪ. ಅವನಿಗೆ ನಿಜವಾಗಿಯೂ ನಿರಾಸೆಯಾಯಿತು.

ಅವರನ್ನು ಎತ್ತಿಕೊಂಡೇ ದಡಕ್ಕೆ ತಂದು ಕೂರಿಸಿದ. ಓಬವ್ವ ಕೆಸರಿನಲ್ಲೇ ಬಂದು ಪಾಸ್ಟರ ಬೆನ್ನು ತಟ್ಟಿದಳು. ಅವರು ಒಂದಷ್ಟು ಕೆರೆಯನ್ನು ಹೊರಗೆ ಹಾಕಿದರು. ಏರಿಯ ಮೇಲೆ ಜನ ಇನ್ನೂ ಹಾಡುತ್ತಿದ್ದರು. ಅವರಿಗೆ ಇದೆಲ್ಲ ದೀಕ್ಷಾಸ್ನಾನದ ಭಾಗವೇ ಎನಿಸಿತ್ತು. ಪ್ರಭು ಮಾತ್ರ ಮೈಕು ಕೆಳಗಿಟ್ಟು ಇಳಿದು ಬಂದು ತಕರಾರು ತೆಗೆದರು. ತಂದೆಯ, ಮಗನ ಎಂದದ್ದು ತಮಗೆ ಕೇಳಿಸಿದೆ, ಪವಿತ್ರಾತ್ಮನ ಹೆಸರು ಬರುವ ಮೊದಲೇ ಟಗರು ಬಂತು. ಮುಳುಗಿಸಬೇಕಾದವರು ಮುಳುಗಿದರು, ಎತ್ತಬೇಕಾದವರನ್ನು ಇವನು ಎತ್ತಿದ. ಇದು ಲೆಕ್ಕಕ್ಕೆ ಬರುವುದು ಹೇಗೆ?

"ಬರ್ತದೆ ಬಿಡಿ," ಎಂದರು ದಯಾನಂದರು ಕೆರೆಯ ಕಡೆ ನೋಡದೆ. "ಕೆಲವು ಸಭೆಗಳಲ್ಲಿ ತಲೆ ಮೇಲೆ ಚಿಮುಕಿಸಿದ್ರೂ ಸಾಕು ಅಂತಾರೆ. ಅವರೂ ವಿಶ್ವಾಸಿಗಳೇ."

"ಇಲ್ರಿ. ಇನ್ನೊಂದ್ಸಲ ಹೋಗಾಣ," ಎಂದ ಸಣ್ಣಪ್ಪ.

ಅವನ ಕೂದಲಿನಿಂದ ನೀರು ಇಳಿದು ಮುಖದ ಮೇಲೆಲ್ಲ ಹರಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಓಬವ್ವ ಬಾಯಿ ತೆರೆದು ನೋಡಿದಳು.

"ಬರ್ರಿ ಪಾಸ್ಟ್ರೆ, ಹೆದರ್ಕಬ್ಯಾಡ್ರಿ. ನಾನು ಹಿಡ್ಕಂಡಿರ್ತೀನಿ," ಎಂದು ಅವರ ಕೈ ಹಿಡಿದು, ಬೌಲರ್ ಬರುತ್ತಿದ್ದ ಕಡೆ ಬಿಟ್ಟು, ವಿಕೆಟ್ ನೆಡುತ್ತಿದ್ದ ಕಡೆಗೆ ನಡೆಸಿಕೊಂಡು ಹೋದ. ಕುರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ದಯಾನಂದರು ಕಣ್ಣು ಮುಚ್ಚಿಕೊಂಡು ಮೂರೂ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಅವನನ್ನು ಮುಳುಗಿಸಿದರು.

ಈ ಸಲ ಸಣ್ಣಪ್ಪ ನೀರೊಳಗೆ ಕಣ್ಣು ಬಿಟ್ಟ. ಅಣ್ಣನನ್ನು ನೋಡಬೇಕಾಗಿತ್ತು. ಕಂದು ಬಣ್ಣದ ನೀರು, ಅದರಲ್ಲಿ ತೇಲುವ ಧೂಳು, ಮೇಲಿನಿಂದ ಬೀಳುವ ಬಿಸಿಲು, ಪಾಸ್ಟರ ಕಾಲುಗಳು. ಅತ್ತ ತಿರುಗಿದ, ಇತ್ತ ತಿರುಗಿದ. ಯಾರೂ ಇರಲಿಲ್ಲ.

ಮೇಲೆ ಬಂದವನು ಚಪ್ಪಾಳೆಗೆ ತಿರುಗಿಯೂ ನೋಡದೆ ದಡಕ್ಕೆ ಬಂದು ಓಬವ್ವನ ಪಕ್ಕ ಕೂತ. ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

"ಯಾಕೆ, ಮತ್ತೆ ಭಯ ಆತಾ?"

"ಭಯ ಇಲ್ಲ ಕಣೆ. ಅಣ್ಣನೇ ಇಲ್ಲ."

ಹೇಳಿದವನೇ ಹುಡುಗನಂತೆ ಅಳತೊಡಗಿದ. ಇಷ್ಟು ವರ್ಷ ಹೆದರುವುದರಲ್ಲೇ ಕಾಲ ಹೋಗಿತ್ತು, ಸತ್ತ ಅಣ್ಣನಿಗಾಗಿ ಅಳುವುದು ಅವನಿಗೆ ಬಾಕಿಯೇ ಉಳಿದಿತ್ತು. ಭಯ ಇದ್ದಷ್ಟು ದಿನ ಜಂಪಣ್ಣನೂ ಎಲ್ಲೋ ಒಂದು ನೀರಿನಲ್ಲಿ ಇದ್ದ. ಈಗ ಹಂಡೆಯಲ್ಲೂ ಇಲ್ಲ. ಓಬವ್ವ ತಮಾಷೆ ಮಾಡಲಿಲ್ಲ. ಅವನ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಸಣ್ಣಪ್ಪ ತಲೆಯೆತ್ತಿ, ಟವಲು ಹೊದ್ದು ನಡುಗುತ್ತಾ ಕೂತಿದ್ದ ದಯಾನಂದರನ್ನು ಕೇಳಿದ.

"ಪಾಸ್ಟ್ರೆ, ಆವತ್ತು ನಾನು ಹಿಡೀಲಿಲ್ಲ. ಯೇಸಪ್ಪ ಹಿಡ್ದಿರ್ತಾನಾ ನಮ್ಮಣ್ಣನ ಕೈನಾ?"

ದಯಾನಂದರು ತಮ್ಮ ತೋಳು ನೋಡಿಕೊಂಡರು. ಎತ್ತುವಾಗ ಬಿಗಿಹಿಡಿದ ಬೆರಳುಗಳ ಗುರುತು ಅಲ್ಲಿ ಕೆಂಪಗೆ ಇತ್ತು.

"ಕೆಳಗಿದ್ದಾಗ ನನಗೂ ಯಾರೂ ಬರಲ್ಲ ಅನ್ನಿಸಿತ್ತು ಸಣ್ಣಪ್ಪ. ಆದರೂ ಒಂದು ಕೈ ಬಂತು," ಎಂದರು.

ಸಣ್ಣಪ್ಪ ಅವರ ತೋಳಿನ ಮೇಲಿನ ಕೆಂಪು ಗುರುತನ್ನು ನೋಡಿದ. ಆಮೇಲೆ ಎದ್ದು, ಕುರಿಗಳನ್ನು ತೊಳೆಯಲು ಸೊಂಟದುದ್ದದ ನೀರಿಗೆ ಇಳಿದ.